ಇದು ಕನಸು ಅಂತ ಕನಸಿನಲ್ಲೇ ಗೊತ್ತಾದರೆ?

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಕೊಡುವಾಗ ಲೂಸಿಡ್ ಡ್ರೀಮ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಕನಸು ನಡೆಯುತ್ತಿರುವಾಗಲೇ ‘ಅರೆ, ಇದು ಕನಸು’ ಅಂತ ಹೊಳೆಯುವುದು, ಆದರೂ ಎಚ್ಚರವಾಗದೆ ಕನಸು ಮುಂದುವರಿಯುವುದು. ಅಷ್ಟೇ ಅದು. ಗೊರಕೆಗೆ, ನಿದ್ದೆ ಬಾರದ್ದಕ್ಕೆ ಬರದಷ್ಟು ಪತ್ರ ಈ ಎರಡು ಸಾಲಿಗೆ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಇನ್ನೊಂದು ಮಾತು. ಬಹಳ ಜನ ‘ಡಾಕ್ಟರ್ ಮೇಡಂ’ ಅಂತ ಶುರು ಮಾಡುತ್ತೀರಿ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ಸ್ಲೀಪ್ ಲ್ಯಾಬಿನಲ್ಲಿ ರಾತ್ರಿ ಪಾಳಿಯ ಟೆಕ್ನಿಷಿಯನ್. ಪೇಷಂಟ್ ಮಲಗುವ ಮೊದಲು ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವೈರು ಅಂಟಿಸಿ, ಪಕ್ಕದ ರೂಮಿನಲ್ಲಿ ಕೂತು ಬೆಳಗಿನವರೆಗೆ ಅವರ ನಿದ್ದೆ ನೋಡುವುದು ನನ್ನ ಕೆಲಸ. ಅಕ್ಕ ಅಂದರೆ ಸಾಕು.

ಪ್ರಶ್ನೆ: ಅಕ್ಕ, ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತೇನೆ. ವಯಸ್ಸು 27. ಯೂಟ್ಯೂಬ್ ನೋಡಿ ಲೂಸಿಡ್ ಡ್ರೀಮ್ ಟ್ರೈ ಮಾಡುತ್ತಿದ್ದೇನೆ. ರಾತ್ರಿ ಮೂರು ಸಲ ಅಲಾರಂ ಇಟ್ಟು ಏಳುತ್ತೇನೆ. ಮಲಗುವಾಗ ಹನ್ನೆರಡೂವರೆ, ಬೆಳಗ್ಗೆ ಐದೂವರೆಗೆ ಎದ್ದು ಜಿಮ್. ಲೂಸಿಡ್ ಬಿಡಿ, ಮಾಮೂಲಿ ಕನಸೂ ನೆನಪಿರಲ್ಲ. ದಿನವಿಡೀ ತಲೆ ಭಾರ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಆ ಮೂರು ಅಲಾರಂ ತೆಗೆದುಹಾಕಿ. ಇವತ್ತೇ. ನಿದ್ದೆ ತುಂಡು ತುಂಡಾದರೆ ತಲೆ ಭಾರವಾಗದೆ ಇನ್ನೇನಾಗುತ್ತದೆ? ಇನ್ನು ಕನಸು ನೆನಪಿಲ್ಲದಿರುವುದಕ್ಕೆ ನಿಮ್ಮ ಐದೂವರೆಯ ಜಿಮ್ಮನ್ನೂ ಸ್ವಲ್ಪ ವಿಚಾರಿಸಿಕೊಳ್ಳಬೇಕು.

ರಾತ್ರಿಯಿಡೀ ನಿದ್ದೆ ಒಂದೇ ಥರ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಜಾಸ್ತಿ, ಕೊನೆಯ ಸುತ್ತುಗಳಲ್ಲಿ ರೆಮ್ ನಿದ್ದೆ ಜಾಸ್ತಿ. ರೆಮ್ ಅಂದರೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚುರುಕಾಗಿ ಹೊರಳಾಡುವ ನಿದ್ದೆ. ಶಿಕಾಗೊದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು 1953ರಲ್ಲಿ ಇದನ್ನು ಪ್ರಕಟಿಸಿದರು. ಕಥೆಯ ಹಾಗೆ ಸಾಗುವ, ಕಣ್ಣಿಗೆ ಕಟ್ಟುವ ಕನಸುಗಳು ಹೆಚ್ಚಾಗಿ ಬೀಳುವುದು ಈ ನಿದ್ದೆಯಲ್ಲೇ. ರಾತ್ರಿಯ ಮೊದಲ ರೆಮ್ ಕೆಲವೇ ನಿಮಿಷದ್ದು. ಬೆಳಗಿನ ಜಾವದ್ದು ಅರ್ಧ ಗಂಟೆ ದಾಟಬಹುದು. ನಮ್ಮ ಮಾನಿಟರಿನಲ್ಲಿ ನಾಲ್ಕು ಗಂಟೆಯ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಎರಡು ಕಣ್ಣಿನ ಎರಡು ಗೆರೆ ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಹೋಗುತ್ತಾ ಚೂಪಾಗಿ ಕುಣಿಯುತ್ತವೆ. ಗದ್ದದ ಗೆರೆ ಮಾತ್ರ ಚಪ್ಪಟೆಯಾಗಿ ಮಲಗಿಬಿಡುತ್ತದೆ.

ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ಮನೆಯಲ್ಲಿ ಹೇಳುತ್ತಾರಲ್ಲ, ನಿಜವಾಗುವುದು ಬಿಡುವುದು ಬೇರೆ ಮಾತು. ಆದರೆ ಜಾಸ್ತಿ ಕನಸು ಬೀಳುವ, ನೆನಪಿನಲ್ಲಿ ಉಳಿಯುವ ಹೊತ್ತು ಅದೇ. ಐದು ಗಂಟೆ ಮಾತ್ರ ಮಲಗುವ ನೀವು ಕತ್ತರಿಸಿ ಬಿಸಾಡುತ್ತಿರುವುದೂ ಅದನ್ನೇ. ಹೇಗಾದರೂ ಮಾಡಿ ಏಳು ಗಂಟೆ ನಿದ್ದೆ ಹೊಂದಿಸಿ. ಜಿಮ್ಮಿಗೆ ಮಧ್ಯಾಹ್ನ ವ್ಯಾಪಾರ ತಣ್ಣಗಿರುವ ಹೊತ್ತು ಆಗುತ್ತದಾ ನೋಡಿ. ಇದೊಂದು ಆಗದಿದ್ದರೆ ಮುಂದಿನದು ಯಾವುದನ್ನೂ ಓದಬೇಡಿ, ಸುಮ್ನೆ ಟೈಮ್ ವೇಸ್ಟ್.

ಆಯಿತು ಅಂದುಕೊಳ್ಳೋಣ. ಆಮೇಲೆ ಮಾಡಬೇಕಾದದ್ದು ನೆನಪಿನ ಕೆಲಸ. ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್, ಪೆನ್ನು. ಎಚ್ಚರವಾದ ಕೂಡಲೇ ಮೊಬೈಲ್ ಮುಟ್ಟಬೇಡಿ, ಮಗ್ಗುಲೂ ಬದಲಿಸಬೇಡಿ. ಕಣ್ಣು ಮುಚ್ಚಿಕೊಂಡೇ ‘ಈಗ ಎಲ್ಲಿದ್ದೆ? ಜೊತೆಗೆ ಯಾರಿದ್ದರು?’ ಅಂತ ಕೇಳಿಕೊಳ್ಳಿ. ಕೊನೆಯ ತುಣುಕು ಸಿಕ್ಕರೆ ಸಾಕು, ಅದರ ಹಿಂದಿನದು, ಅದಕ್ಕೂ ಹಿಂದಿನದು ಅಂತ ಒಂದೊಂದೇ ಬರುತ್ತದೆ. ನಾಲ್ಕು ಪದ ಬರೆದಿಡಿ. ಏನೂ ನೆನಪಾಗದ ದಿನ ‘ಇವತ್ತು ಏನೂ ಇಲ್ಲ’ ಅಂತಲಾದರೂ ಬರೆಯಿರಿ. ಒಂದೆರಡು ವಾರದಲ್ಲಿ ಬಹಳ ಜನಕ್ಕೆ ನೆನಪು ಚಿಗುರುತ್ತದೆ.

ಪುಟ ತುಂಬಿದ ಮೇಲೆ ಒಂದು ಭಾನುವಾರ ಕೂತು ಎಲ್ಲ ಓದಿ. ಪದೇ ಪದೇ ಬರುವ ಜಾಗ, ಜನ, ತಾಪತ್ರಯ ಯಾವುದು ಅಂತ ಗುರುತು ಹಾಕಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ಲ್ಯಾಬ್. ಕನಸಿನಲ್ಲಿ ವೈರು ಅಂಟಿಸುತ್ತಲೇ ಇರುತ್ತೇನೆ, ಮುಗಿಯುವುದೇ ಇಲ್ಲ. ಅಂಟಿಸಿದ ವೈರಿನ ಇನ್ನೊಂದು ತುದಿ ಹುಡುಕಿದರೆ ಸಿಗುವುದಿಲ್ಲ. ಬೆಡ್ಡಿನ ಮೇಲೆ ಒಂದೊಂದು ಸಲ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರು ಮಲಗಿರುತ್ತಾರೆ, ಒಮ್ಮೆಯಂತೂ ಎಮ್ಮೆ ಮಲಗಿತ್ತು. ಎಮ್ಮೆಯ ಗದ್ದ ಯಾವುದು, ಪೇಸ್ಟ್ ಎಲ್ಲಿ ಹಚ್ಚಲಿ ಅಂತ ತಲೆ ಕೆಡಿಸಿಕೊಂಡೆನೇ ಹೊರತು ಆಸ್ಪತ್ರೆಗೆ ಎಮ್ಮೆ ಹೇಗೆ ಬಂತು ಅಂತ ಕೇಳಲಿಲ್ಲ. ಕನಸು ಅಂದರೆ ಹಾಗೇ. ರೆಮ್ ನಿದ್ದೆಯಲ್ಲಿ ಮೆದುಳಿನ ಮುಂಭಾಗದ, ವಿವೇಚನೆಗೆ ಬೇಕಾದ ಕೆಲವು ಭಾಗಗಳು ಮಂಕಾಗಿರುತ್ತವೆ. ಎಂಥ ವಿಚಿತ್ರವನ್ನೂ ಒಪ್ಪಿಕೊಂಡುಬಿಡುತ್ತೇವೆ.

ಅದಕ್ಕೇ ‘ಇದು ಕನಸಾ, ಎಚ್ಚರವಾ’ ಅಂತ ಹಗಲಿನಲ್ಲೇ ನೋಡಿಕೊಳ್ಳುವ ಒಂದು ಪರೀಕ್ಷೆ ಬೇಕು. ಗಡಿಯಾರ ಎರಡು ಸಲ ನೋಡು, ಬೋರ್ಡು ಎರಡು ಸಲ ಓದು ಅಂತ ಹಲವು ಇವೆ. ನನಗೆ ಹಿಡಿಸಿದ್ದು ಮೂಗಿನದು. ಬಾಯಿ ಮುಚ್ಚಿ, ಎರಡು ಬೆರಳಲ್ಲಿ ಮೂಗು ಗಟ್ಟಿ ಹಿಡಿದು ಉಸಿರು ಎಳೆದು ನೋಡುವುದು. ಎಚ್ಚರದಲ್ಲಿ ಆಗಲ್ಲ. ಕನಸಿನಲ್ಲಿ ಮೂಗು ಹಿಡಿದಿದ್ದರೂ ಗಾಳಿ ಸರಾಗ ಒಳಗೆ ಬರುತ್ತದೆ. ಅನುಮಾನವೇ ಉಳಿಯುವುದಿಲ್ಲ. ಆದರೆ ಗಂಟೆಗೊಮ್ಮೆ ಯಾಂತ್ರಿಕವಾಗಿ ಹಿಡಿದರೆ ಕನಸಿನಲ್ಲೂ ಯಾಂತ್ರಿಕವಾಗಿ ಹಿಡಿದು ‘ಓ ಎಚ್ಚರ’ ಅಂತ ಮುಂದೆ ಹೋಗುತ್ತೀರಿ. ದಿನಕ್ಕೆ ಐದಾರು ಸಲ ಸಾಕು, ಏನಾದರೂ ವಿಚಿತ್ರ ಕಂಡಾಗ ಮಾಡಿ. ಗ್ರಾಹಕರು ಇಪ್ಪತ್ತು ಸೀರೆ ಬಿಚ್ಚಿಸಿ ಏನೂ ತಗೊಳ್ಳದೆ ಹೋದಾಗ ಮಾಡಬಹುದು. ಅದು ವಿಚಿತ್ರ ಅಲ್ಲ ಅಂತೀರೇನೋ. ನಿಜವಾಗಿ ಅನುಮಾನ ಪಡಬೇಕು, ಮುಖ್ಯ ಅದು.

ಇನ್ನು ರಾತ್ರಿಯ ಕೆಲಸ. ಅಮೆರಿಕದ ಸಂಶೋಧಕ ಸ್ಟೀಫನ್ ಲಾಬರ್ಜ್ ರೂಪಿಸಿದ ದಾರಿ, ಮೈಲ್ಡ್ ಅಂತ ಹೆಸರು. ಬೆಳಗಿನ ಜಾವ ತಾನಾಗಿ ಎಚ್ಚರವಾದಾಗ ಆಗಷ್ಟೇ ಬಿದ್ದ ಕನಸನ್ನು ನೆನೆಯಿರಿ. ಅದರಲ್ಲಿ ವಿಚಿತ್ರ ಎಲ್ಲಿತ್ತು ಹುಡುಕಿ. ಆ ಜಾಗದಲ್ಲಿ ‘ಇದು ಕನಸು’ ಅಂತ ನಿಮಗೆ ಗೊತ್ತಾದ ಹಾಗೆ ಕಲ್ಪಿಸಿಕೊಳ್ಳಿ. ಆಮೇಲೆ ‘ಮುಂದಿನ ಸಲ ಕನಸು ಬಿದ್ದಾಗ ಇದು ಕನಸು ಅಂತ ಗುರುತು ಹಿಡಿತೀನಿ’ ಅಂದುಕೊಳ್ಳುತ್ತಾ ನಿದ್ದೆಗೆ ಜಾರಿ. ಸುಮ್ನೆ ಬಾಯಿಪಾಠದ ಹಾಗೆ ಗೊಣಗಿದರೆ ಉಪಯೋಗವಿಲ್ಲ. ಮನೆಗೆ ಹೋಗುವಾಗ ಕರಿಬೇವು ತಗೋಬೇಕು ಅಂತ ಬೆಳಗ್ಗೆ ಅಂದುಕೊಂಡಿರುತ್ತೀರಿ, ಸಂಜೆ ತರಕಾರಿ ಗಾಡಿ ಕಂಡ ಕೂಡಲೇ ಹೊಳೆಯುತ್ತದಲ್ಲ, ಇದೂ ಅದೇ ಜಾತಿಯ ನೆನಪು.

ನಿಮ್ಮ ವಿಡಿಯೊಗಳು ಹೇಳುವ ‘ನಡುವೆ ಎದ್ದು ಮತ್ತೆ ಮಲಗುವುದು’ ಸುಳ್ಳಲ್ಲ. ಆದರೆ ಅದು ಒಂದೇ ಸಲ, ಅದೂ ಐದು ಗಂಟೆ ನಿದ್ದೆ ಆದ ಮೇಲೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಗಲಿನ ಪರೀಕ್ಷೆ, ಐದು ಗಂಟೆಯ ನಂತರ ಏಳುವುದು, ಮೈಲ್ಡ್ ಮೂರನ್ನೂ ಒಂದು ವಾರ ಸೇರಿಸಿ ಮಾಡಿದವರಿಗೆ ಶೇಕಡಾ 17ರಷ್ಟು ರಾತ್ರಿಗಳಲ್ಲಿ ಲೂಸಿಡ್ ಡ್ರೀಮ್ ಬಿತ್ತು. ಅಂದರೆ ಇಷ್ಟೆಲ್ಲ ಮಾಡಿದರೂ ಆರು ರಾತ್ರಿಯಲ್ಲಿ ಐದು ರಾತ್ರಿ ಏನೂ ಇಲ್ಲ. ಮೈಲ್ಡ್ ಮುಗಿಸಿ ಐದು ನಿಮಿಷದೊಳಗೆ ಮತ್ತೆ ನಿದ್ದೆ ಹತ್ತಿದಾಗ ಮಾತ್ರ ಅದು ಶೇಕಡಾ 46ಕ್ಕೆ ಏರಿತ್ತು. ಹೆಣಗಾಡುತ್ತಾ ಎಚ್ಚರವಿದ್ದವರಿಗಲ್ಲ, ಬೇಗ ನಿದ್ದೆ ಹೋದವರಿಗೆ ಸಿಕ್ಕಿದ್ದು. ನೀವು ವಾರಕ್ಕೊಂದೇ ಸಲ, ಮಾರನೇ ದಿನ ಅಂಗಡಿ ರಜೆ ಇದ್ದಾಗ ಮಾಡಿ.

ಒಂದು ದಿನ ಹೊಳೆಯುತ್ತದೆ. ಹೊಳೆದ ಕೂಡಲೇ ಎದೆ ಢವಢವ ಅಂದು, ಖುಷಿಗೆ ಎಚ್ಚರವಾಗಿಬಿಡುತ್ತದೆ. ಮೊದಲ ಸಲ ಬಹುತೇಕ ಎಲ್ಲರಿಗೂ ಹೀಗೇ. ಹಾರಲು ಹೋಗಬೇಡಿ. ಎರಡು ಅಂಗೈ ಒಂದಕ್ಕೊಂದು ಉಜ್ಜಿ. ಪಕ್ಕದಲ್ಲಿರುವುದನ್ನು ಮುಟ್ಟಿ. ನಾನು ಹೆಚ್ಚಾಗಿ ಹೋಗುವುದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೆ. ಅಲ್ಲಿ ಬಗ್ಗಿ ಕೆಂಪು ಗಾರೆ ನೆಲದ ಮೇಲೆ ಅಂಗೈ ಇಡುತ್ತೇನೆ. ತಣ್ಣಗೆ, ಸ್ವಲ್ಪ ಎಣ್ಣೆ ಹಚ್ಚಿದ ಹಾಗೆ ನುಣುಪು, ಬಾಗಿಲ ಹತ್ತಿರದ ಬಿರುಕು ಕೂಡ ಬೆರಳಿಗೆ ಸಿಗುತ್ತದೆ. ಮೈಯ ಸ್ಪರ್ಶಕ್ಕೆ ಗಮನ ಹೋದರೆ ಕನಸು ಒಡೆಯದೆ ಉಳಿಯುತ್ತದೆ. ಆಮೇಲೆ ಹಾರುವುದೋ, ಹತ್ತುವುದೋ, ನಿಮ್ಮಿಷ್ಟ.

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯು ಸೈನ್ಸ್, ಕುಂದಾಪುರ. ಕನಸಿನಲ್ಲೇ ಕೆಮಿಸ್ಟ್ರಿ ಓದಬಹುದಾ? ದಿನಾ ರಾತ್ರಿ ಎಂಟು ಗಂಟೆ ವೇಸ್ಟ್ ಆಗ್ತಿದೆ. ಒಂದು ಕನಸಿನಲ್ಲಿ ಒಂದು ವರ್ಷ ಕಳೆಯಬಹುದು ಅಂತ ಫ್ರೆಂಡ್ ಹೇಳಿದಳು. ನಾನು ಯಕ್ಷಗಾನ ಕ್ಲಾಸಿಗೂ ಹೋಗ್ತೀನಿ.

ಉತ್ತರ: ಓದಲು ಆಗಲ್ಲ ಪುಟ್ಟಿ. ಕನಸಿನ ಪುಸ್ತಕದಲ್ಲಿ ಅಕ್ಷರ ನಿಲ್ಲುವುದಿಲ್ಲ. ಒಂದು ಸಾಲು ಓದಿ, ಕಣ್ಣು ತೆಗೆದು ಮತ್ತೆ ನೋಡಿದರೆ ಬೇರೇನೋ ಇರುತ್ತದೆ. ಹಾಗೆ ನಿಂತರೂ, ನಿನಗೆ ಗೊತ್ತಿಲ್ಲದ ಈಕ್ವೇಶನ್ ಅಲ್ಲಿ ಬರೆದುಕೊಡುವವರು ಯಾರು? ಎಂಟು ಗಂಟೆ ವೇಸ್ಟೂ ಅಲ್ಲ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ.

ಒಂದು ವರ್ಷದ ಕಥೆ ನಿನ್ನ ಫ್ರೆಂಡ್ ಸಿನಿಮಾದಲ್ಲಿ ನೋಡಿರಬೇಕು. ಲೂಸಿಡ್ ಡ್ರೀಮ್ ಬೀಳುವವರಿಗೆ ಕನಸಿನಲ್ಲೇ ಎಣಿಸಲು ಹೇಳಿ, ಕಣ್ಣಿನ ಸನ್ನೆಯಿಂದ ಲ್ಯಾಬಿನಲ್ಲಿ ಸಮಯ ಅಳೆದಿದ್ದಾರೆ. ಎಣಿಕೆಗೆ ಹೆಚ್ಚುಕಡಿಮೆ ಎಚ್ಚರದಷ್ಟೇ ಹೊತ್ತು ಹಿಡಿಯಿತು. ಬಸ್ಕಿ ಹೊಡೆಯಲು ಹೇಳಿದಾಗ ಎಚ್ಚರಕ್ಕಿಂತ ಜಾಸ್ತಿಯೇ ಹೊತ್ತು ಬೇಕಾಯಿತು!

ಯಕ್ಷಗಾನದ ಹೆಜ್ಜೆ ಅಂದರೆ ಮಾತ್ರ ನಾನು ಹೂಂ ಅಂತೀನಿ. ಈಗಾಗಲೇ ಕಲಿತ, ಮೈಗೆ ಸಂಬಂಧಪಟ್ಟ ಕೆಲಸವನ್ನು ಕನಸಿನಲ್ಲಿ ಅಭ್ಯಾಸ ಮಾಡಬಹುದು. ಡೇನಿಯಲ್ ಎರ್ಲಾಕರ್, ಮೈಕೆಲ್ ಶ್ರೆಡ್ಲ್ ಅನ್ನುವ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ದೂರದ ಕಪ್ಪಿಗೆ ನಾಣ್ಯ ಎಸೆಯುವ ಆಟ. ಲೂಸಿಡ್ ಡ್ರೀಮಿನಲ್ಲಿ ಅಭ್ಯಾಸ ಮಾಡಲು ಸಾಧ್ಯವಾದವರು ಬೆಳಗ್ಗೆ ಮೊದಲಿಗಿಂತ ಚೆನ್ನಾಗಿ ಎಸೆದರು. ಆದರೆ ಇದೆಲ್ಲ ಪರೀಕ್ಷೆ ಮುಗಿದ ಮೇಲೆ. ಈಗ ಹೋಗಿ ಮಲಗು.

ಪ್ರಶ್ನೆ: ಬೆಡ್ಡಿನಲ್ಲಿ ಅಲುಗಾಡದೆ ಮಲಗಿ, ಎಚ್ಚರ ಬಿಡದೆ ನೇರ ಕನಸಿಗೆ ಹೋಗಬಹುದು ಅಂತ ಓದಿ ಪ್ರಯತ್ನಿಸಿದೆ. ಒಂದು ರಾತ್ರಿ ಎಚ್ಚರವಾಗಿದ್ದೇನೆ, ಫ್ಯಾನ್ ತಿರುಗುವುದು ಕಾಣುತ್ತಿದೆ, ಕೈಕಾಲು ಆಡುತ್ತಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ಕೂಗಲೂ ಆಗಲಿಲ್ಲ. ಅತ್ತೆ ದೆವ್ವ ಅಂತಾರೆ, ತಾಯಿತ ಕಟ್ಟಿಸಿದ್ದಾರೆ. ಈಗ ಮಲಗಲೇ ಭಯ. – ಹಾಸನದಿಂದ

ಉತ್ತರ: ದೆವ್ವ ಅಲ್ಲಮ್ಮ, ನಿಮ್ಮದೇ ಮೈ. ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳಿಗೆ ಮೆದುಳೇ ತಡೆ ಹಾಕುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದಾಗಲೆಲ್ಲ ನಿಜವಾಗಿಯೂ ಎದ್ದು ಓಡುತ್ತಿದ್ದೆವು. ಆಗಲೇ ಹೇಳಿದೆನಲ್ಲ, ಗದ್ದದ ಗೆರೆ ಚಪ್ಪಟೆಯಾಗುವುದು, ಅದು ಈ ತಡೆಯ ಗುರುತೇ. ಫ್ರಾನ್ಸಿನ ಮಿಶೆಲ್ ಜೂವೆ 1950ರ ದಶಕದ ಕೊನೆಯಲ್ಲಿ ಇದನ್ನು ಬೆಕ್ಕುಗಳಲ್ಲಿ ತೋರಿಸಿದರು. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ತಡೆ ತೆಗೆಯುವುದು ತಡವಾಗುತ್ತದೆ. ಆ ಒಂದೆರಡು ನಿಮಿಷವೇ ನಿಮ್ಮ ಅನುಭವ. ಎದೆಯ ಕೆಲವು ಸ್ನಾಯುಗಳೂ ಸಡಿಲವಾಗಿರುವುದರಿಂದ ಬೇಕೆಂದಾಗ ದೊಡ್ಡ ಉಸಿರು ಎಳೆಯಲು ಆಗುವುದಿಲ್ಲ, ಭಾರ ಅನಿಸುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಅಂದರೆ ವಪೆ, ಕೆಲಸ ಮಾಡುತ್ತಲೇ ಇರುತ್ತದೆ, ಉಸಿರು ನಿಲ್ಲುವುದಿಲ್ಲ. ಅರ್ಧ ಕನಸು ಇನ್ನೂ ನಡೆಯುತ್ತಿರುವುದರಿಂದ ರೂಮಿನಲ್ಲಿ ಯಾರೋ ಇದ್ದ ಹಾಗೂ ಕಾಣುತ್ತದೆ.

ನೀವು ಮಾಡಿದ ವಿಧಾನ ಈ ಸ್ಥಿತಿಯನ್ನು ಕೈಹಿಡಿದು ಕರೆಯುತ್ತದೆ. ಹೊಸಬರಿಗೆ ನಾನು ಅದನ್ನು ಹೇಳುವುದೇ ಇಲ್ಲ. ಬಿಟ್ಟುಬಿಡಿ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ನಿದ್ದೆಗೆಟ್ಟ ದಿನಗಳಲ್ಲಿ ಇದು ಜಾಸ್ತಿ. ಮತ್ತೆ ಬಂದರೆ ಒದ್ದಾಡದೆ ಉಸಿರು ನಿಧಾನ ಬಿಡುತ್ತಾ ಕಾಲಿನ ಹೆಬ್ಬೆರಳು ಒಂದನ್ನೇ ಆಡಿಸಲು ನೋಡಿ, ಸಾಮಾನ್ಯವಾಗಿ ಬಿಡುತ್ತದೆ. ತಾಯಿತ ಇದ್ದರೆ ಇರಲಿ, ಅತ್ತೆಗೆ ಸಮಾಧಾನ. ಆದರೆ ಪದೇ ಪದೇ ಆಗುತ್ತಿದ್ದು, ಹಗಲಲ್ಲಿ ತಡೆಯಲಾರದ ನಿದ್ದೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುವುದು ಇದ್ದರೆ ನರರೋಗ ತಜ್ಞರಿಗೆ ತೋರಿಸಿ. ಅದು ನಾರ್ಕೊಲೆಪ್ಸಿ ಇರಬಹುದು, ಅದಕ್ಕೆ ಔಷಧಿ ಇದೆ.

ಪ್ರಶ್ನೆ: ತಿಪಟೂರಿನ ನಿವೃತ್ತ ಹೈಸ್ಕೂಲ್ ಶಿಕ್ಷಕ ನಾನು. ಕನಸಿನಲ್ಲಿ ಎಚ್ಚರವಿತ್ತು ಅಂತ ಎದ್ದ ಮೇಲೆ ಯಾರು ಬೇಕಾದರೂ ಹೇಳಬಹುದು. ಸಾಕ್ಷಿ ಏನು? ಎರಡನೆಯದು, ಇದೆಲ್ಲ ನಮ್ಮ ಉಪನಿಷತ್ತಿನಲ್ಲೇ ಇದೆಯಲ್ಲ, ಹೊಸದೇನು?

ಉತ್ತರ: ಸರ್, ನಿಮ್ಮ ಮೊದಲ ಪ್ರಶ್ನೆಯನ್ನೇ ವಿಜ್ಞಾನಿಗಳೂ ಬಹಳ ವರ್ಷ ಕೇಳಿದರು. ಹಾಲೆಂಡಿನ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲೇ ತನ್ನ ಇಂಥ ಕನಸುಗಳ ಬಗ್ಗೆ ಪ್ರಬಂಧ ಬರೆದು ಲೂಸಿಡ್ ಡ್ರೀಮ್ ಅನ್ನುವ ಹೆಸರು ಬಳಸಿದ್ದರು. ನಂಬುವವರು ಕಡಿಮೆ. ‘ನಡುವೆ ಒಂದು ಕ್ಷಣ ಎಚ್ಚರವಾಗಿರುತ್ತೆ, ಅದನ್ನೇ ಕನಸು ಅಂದುಕೊಳ್ತಾರೆ’ ಅನ್ನುವುದು ವಾದ.

ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ ಒಂದು ಉಪಾಯ ಹೂಡಿದರು. ರೆಮ್ ನಿದ್ದೆಯಲ್ಲಿ ಮೈಯೆಲ್ಲ ಕಟ್ಟಿಹಾಕಿದ್ದರೂ ಕಣ್ಣಿಗೆ ಆ ತಡೆ ಇಲ್ಲ ಅಲ್ವಾ? ಹಾಗಾದರೆ ಕನಸು ಅಂತ ಗೊತ್ತಾದ ಕೂಡಲೇ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಅಂತ ನೋಡಬೇಕು, ಮೊದಲೇ ಮಾತಾಡಿಕೊಂಡ ಹಾಗೆ. 1975ರ ಏಪ್ರಿಲ್‌ನಲ್ಲಿ ಅಲನ್ ವರ್ಸ್ಲಿ ಎಂಬ ಸ್ವಯಂಸೇವಕ ನಿದ್ದೆಯಲ್ಲಿದ್ದೇ ಆ ಸನ್ನೆ ಕಳಿಸಿದರು. ಮೆದುಳಿನ ಗೆರೆ, ಗದ್ದದ ಗೆರೆ ಎರಡೂ ರೆಮ್ ಅನ್ನುತ್ತಿವೆ, ಕಣ್ಣಿನ ಗೆರೆ ಮಾತ್ರ ಅಳೆದು ತೂಗಿ ಎಡಬಲ ಹೊರಳುತ್ತಿದೆ. ಮಾಮೂಲಿ ರೆಮ್‌ನ ಕಣ್ಣಿನ ಓಟ ಹೇಗೆಂದರೆ ಹಾಗಿರುತ್ತದೆ, ಇದು ಒಂದೇ ಅಳತೆಯಲ್ಲಿ ಬರುತ್ತದೆ. ಆ ಥರದ ಗೆರೆ ಕಂಡರೆ ನನ್ನಂಥವಳಿಗೂ ಕುರ್ಚಿಯಿಂದ ಎದ್ದು ನಿಲ್ಲುವ ಹಾಗಾಗುತ್ತದೆ. ಅತ್ತ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲಾಬರ್ಜ್ ಇದರ ಸುದ್ದಿ ಗೊತ್ತಿಲ್ಲದೆ ಅದೇ ಉಪಾಯ ಮಾಡಿ 1981ರಲ್ಲಿ ಪ್ರಕಟಿಸಿದರು.

2021ರಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನ ನಾಲ್ಕು ಲ್ಯಾಬ್ ಸೇರಿ ಮಲಗಿದ್ದವರಿಗೆ ಪ್ರಶ್ನೆ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು? ಒಬ್ಬರು ಕನಸಿನಿಂದಲೇ ಎರಡು ಸಲ ಕಣ್ಣು ಹೊರಳಿಸಿ ಎರಡು ಅಂದರು. ಒಟ್ಟು 36 ಜನ. ಕೇಳಿದ ಸಲಗಳಲ್ಲಿ ಶೇಕಡಾ 18ರಷ್ಟಕ್ಕೆ ಸರಿ ಉತ್ತರ, 60ರಷ್ಟಕ್ಕೆ ಉತ್ತರವೇ ಇಲ್ಲ. ತಪ್ಪು ಉತ್ತರ ಶೇಕಡಾ 3ರಷ್ಟು ಮಾತ್ರ. ಮೇಷ್ಟ್ರಾಗಿದ್ದ ನಿಮಗೆ ಈ ಅಂಕಿ ಯಾವ ಕ್ಲಾಸಿನದು ಅನಿಸುತ್ತದೋ ಗೊತ್ತಿಲ್ಲ, ಮಲಗಿರುವವರಿಂದ ನನಗಂತೂ ಬಹಳ ಜಾಸ್ತಿ ಅನಿಸಿತು.

ಎರಡನೆಯ ಪ್ರಶ್ನೆಗೆ ಅರ್ಧ ಒಪ್ಪುತ್ತೇನೆ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢ ನಿದ್ದೆ, ಅದನ್ನು ಮೀರಿದ ತುರೀಯ ಅಂತ ಹೇಳುತ್ತದೆ. ಆದರೆ ಕನಸಿನಲ್ಲಿ ಎಚ್ಚರಗೊಳ್ಳುವುದು ಹೇಗೆ ಅನ್ನುವ ಅಭ್ಯಾಸಪಾಠ ಅದರಲ್ಲಿಲ್ಲ, ಅದರ ಉದ್ದೇಶವೂ ಅದಲ್ಲ. ಅಂಥ ಪಾಠ ಇರುವುದು ಟಿಬೆಟಿನ ಬೌದ್ಧರಲ್ಲಿ. ಭಾರತದ ಬೌದ್ಧ ಗುರು ನಾರೋಪನ ಹೆಸರಿನ ಆರು ಯೋಗಗಳಲ್ಲಿ ಕನಸಿನ ಯೋಗ ಒಂದು. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ ವಸತಿಗಳಿಂದಾಗಿ ಆ ಧರ್ಮ ನಮಗೆ ಪಕ್ಕದ ಊರಿನದೇ ಆಗಿದೆ. ಅಲ್ಲಿ ಗುರಿ ಮೋಜಲ್ಲ. ಎಚ್ಚರದ ಲೋಕವೂ ಕನಸಿನ ಹಾಗೇ ಅಂತ ಕಾಣುವುದು, ಸಾವಿಗೆ ಸಿದ್ಧವಾಗುವುದು. ಗುರು ಇಲ್ಲದೆ ಮಾಡುವುದೂ ಅಲ್ಲ. ನಾನು ಈ ಅಂಕಣದಲ್ಲಿ ಹೇಳುತ್ತಿರುವುದು ಅಷ್ಟು ದೊಡ್ಡದಲ್ಲ, ಎರಡನ್ನೂ ಒಂದೇ ಚೀಲಕ್ಕೆ ಹಾಕುವುದು ನನಗೆ ಇಷ್ಟವಿಲ್ಲ.

ಪ್ರಶ್ನೆ: ಹೆಸರು, ಊರು ಬೇಡ. ಬೈಕ್ ಅಪಘಾತವಾದ ಮೇಲೆ ಅದೇ ಲಾರಿ, ಅದೇ ತಿರುವು ಕನಸಿನಲ್ಲಿ ಬರುತ್ತಿದೆ. ಬೆವತು ಏಳುತ್ತೇನೆ. ಲೂಸಿಡ್ ಡ್ರೀಮಿಂಗ್ ಕಲಿತರೆ ಲಾರಿ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಿದವರಿದ್ದಾರೆ. ಇದು ಕನಸು ಅಂತ ತಿಳಿದರೆ ಭಯದ ಅರ್ಧ ಹಲ್ಲು ಅಲ್ಲೇ ಉದುರುತ್ತದೆ. ಆದರೂ ನಿಮಗೆ ನಾನು ಅದನ್ನು ಮೊದಲ ಔಷಧಿಯಾಗಿ ಹೇಳುವುದಿಲ್ಲ. ಕಲಿಯಲು ವಾರಗಳು ಬೇಕು, ಬರುತ್ತದೆ ಅಂತ ಖಾತ್ರಿಯೂ ಇಲ್ಲ. ಅದಕ್ಕಿಂತ ಸುಲಭದ್ದು ಒಂದಿದೆ, ಹಗಲಲ್ಲೇ ಮಾಡುವಂಥದ್ದು. ಆ ಕನಸನ್ನು ಕಾಗದದ ಮೇಲೆ ಬರೆಯುವುದು. ಆಮೇಲೆ ಅದರ ಕಥೆ ಬದಲಿಸುವುದು. ಲಾರಿ ಬ್ರೇಕ್ ಹಾಕಿತು, ಡ್ರೈವರ್ ಇಳಿದು ಬಂದ, ಪಕ್ಕದ ಗೂಡಂಗಡಿಯಲ್ಲಿ ಇಬ್ಬರೂ ಟೀ ಕುಡಿದಿರಿ. ನಿಮಗೆ ಒಪ್ಪುವ ಯಾವುದಾದರೂ ಸರಿ. ಆ ಹೊಸ ಕಥೆಯನ್ನು ದಿನಾ ಹತ್ತು ಹದಿನೈದು ನಿಮಿಷ ಕಣ್ಣು ಮುಚ್ಚಿ ನೋಡುವುದು. ಇದು ಮನೋವೈದ್ಯರು ದುಃಸ್ವಪ್ನಕ್ಕೆ ಬಳಸುವ ಚಿಕಿತ್ಸೆ, ಅವರ ಜೊತೆ ಕೂತು ಮಾಡಿದರೆ ಒಳ್ಳೆಯದು. ಅಪಘಾತದ ನೆನಪು ಹಗಲಲ್ಲೂ ನುಗ್ಗುತ್ತಿದ್ದರೆ, ಬೈಕ್ ಸದ್ದಿಗೆ ಬೆಚ್ಚುತ್ತಿದ್ದರೆ ತಡ ಮಾಡಬೇಡಿ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇದೇ ಜಾಗದಲ್ಲಿ ಎಲ್ಲರಿಗೂ ಒಂದು ಮಾತು. ಇಲ್ಲದ ಧ್ವನಿ ಕೇಳುವುದು, ಯಾವುದು ನಿಜ ಯಾವುದು ಅಲ್ಲ ಅಂತ ಹಗಲಲ್ಲೇ ಗೊಂದಲ, ಬೈಪೋಲಾರ್, ಇಂಥದ್ದಕ್ಕೆ ಚಿಕಿತ್ಸೆಯಲ್ಲಿರುವವರು ಈ ಅಭ್ಯಾಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ಊರು ಚಿಕ್ಕಮಗಳೂರು. ಇಲ್ಲಿ ಲೂಸಿಡ್ ಡ್ರೀಮ್ ಮಾತ್ರೆ ಅಂತ ಗ್ಯಾಲಂಟಮೈನ್ ಸುಲಭವಾಗಿ ಸಿಗುತ್ತದೆ. ಬೆಳಕು ಮಿನುಗುವ ಕಣ್ಣುಪಟ್ಟಿಯೂ ಇದೆ. ಯಾವುದು ಒಳ್ಳೆಯದು?

ಉತ್ತರ: ಗ್ಯಾಲಂಟಮೈನ್ ಮೂಲತಃ ಆಲ್ಜೈಮರ್ಸ್ ಕಾಯಿಲೆಯ ಔಷಧಿ. ನಮ್ಮಲ್ಲಿ ಡಾಕ್ಟರ್ ಚೀಟಿ ಬೇಕು. ಕೆಲಸ ಮಾಡುವುದಿಲ್ಲ ಅಂತ ಹೇಳಲಾರೆ. ಲಾಬರ್ಜ್ ತಂಡ 2018ರಲ್ಲಿ 121 ಜನರ ಮೇಲೆ ನೋಡಿದಾಗ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗಿದ ರಾತ್ರಿ ಶೇಕಡಾ 14 ಜನಕ್ಕೆ, 8 ಮಿಲಿಗ್ರಾಂ ನುಂಗಿದ ರಾತ್ರಿ ಶೇಕಡಾ 42 ಜನಕ್ಕೆ ಲೂಸಿಡ್ ಡ್ರೀಮ್ ಬಿತ್ತು. ಅವರು ಕನಸು ಚೆನ್ನಾಗಿ ನೆನಪಿರುವವರು, ಲೂಸಿಡ್ ಡ್ರೀಮಿನಲ್ಲಿ ಆಸಕ್ತಿ ಇದ್ದವರು, ರಾತ್ರಿ ಎದ್ದು ಮೈಲ್ಡ್ ಕೂಡ ಮಾಡಿದವರು ಅನ್ನುವುದನ್ನು ಮಾರುವವರು ಹೇಳುವುದಿಲ್ಲ. ವಾಕರಿಕೆ, ನಿದ್ದೆಗೇಡು, ಹೃದಯ ಬಡಿತ ನಿಧಾನವಾಗುವುದು ಇದರ ಅಡ್ಡಪರಿಣಾಮ. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಅಪಾಯ. ಒಂದು ಮೋಜಿಗೆ ಇಷ್ಟು ಬೇಕಾ? ನನ್ನ ಮಟ್ಟಿಗೆ ಬೇಡ. ಕಣ್ಣುಪಟ್ಟಿಯಿಂದ ಬಹಳ ಜನರಿಗೆ ನಿದ್ದೆ ಹಾಳಾಗುತ್ತದೆ, ಬೆಳಕು ಮಿನುಗಿದರೆ ಫಿಟ್ಸ್ ಬರುವವರಿಗೆ ಮಾತ್ರ ಅದು ಅಪಾಯ. ಎಂಟು ರೂಪಾಯಿ ಪೆನ್ನು, ಹಳೇ ನೋಟ್‌ಬುಕ್ಕೇ ವಾಸಿ. ಡಾಲರ್ ಲೆಕ್ಕದಲ್ಲಂತೂ ಇನ್ನೂ ವಾಸಿ.

ಪ್ರಶ್ನೆ: ನಮ್ಮ ಮನೆಯವರಿಗೆ 63 ವರ್ಷ. ರಾತ್ರಿ ನಿದ್ದೆಯಲ್ಲಿ ಒದರುತ್ತಾರೆ, ಗುದ್ದುತ್ತಾರೆ. ಮೊನ್ನೆ ಮಂಚದಿಂದ ಬಿದ್ದು ಹುಬ್ಬು ಒಡೆದುಕೊಂಡರು. ಎಬ್ಬಿಸಿ ಕೇಳಿದರೆ ಕಳ್ಳರು ಬಂದಿದ್ದರು, ಹೊಡೆಯುತ್ತಿದ್ದೆ ಅಂತ ಕನಸು ಹೇಳುತ್ತಾರೆ. ಇದೂ ಲೂಸಿಡ್ ಡ್ರೀಮ್ ಏನ್ರಿ ಅಕ್ಕಾರ? – ಗೋಕಾಕದಿಂದ

ಉತ್ತರ: ಅಲ್ರಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಮತ್ತೆ ಇದನ್ನು ಹಗುರವಾಗಿ ತಗೊಳ್ಳಬೇಡಿ. ಹಾಸನದವರಿಗೆ ಹೇಳಿದೆನಲ್ಲ, ಕನಸಿನ ಹೊತ್ತಿನಲ್ಲಿ ಕೈಕಾಲಿಗೆ ತಡೆ ಇರುತ್ತದೆ ಅಂತ. ನಿಮ್ಮವರಿಗೆ ಆ ತಡೆ ಸರಿಯಾಗಿ ಬೀಳುತ್ತಿಲ್ಲ ಅನಿಸುತ್ತದೆ. ಕನಸಿನಲ್ಲಿ ಕಳ್ಳನಿಗೆ ಹೊಡೆದರೆ ಮಂಚದ ಮೇಲೂ ಕೈ ಬೀಸುತ್ತದೆ. ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಅಂತ ಇದಕ್ಕೆ ಹೆಸರು. ಅಮೆರಿಕದ ಮಿನೆಸೋಟಾದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ 1986ರಲ್ಲಿ ಇದನ್ನು ಮೊದಲು ವಿವರಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಜಾಸ್ತಿ ಕಾಣುತ್ತದೆ.

ಕೆಲವರಿಗೆ ಖಿನ್ನತೆಗೆ ಕೊಡುವ ಗುಳಿಗೆಯಿಂದ ಹೀಗಾಗುತ್ತದೆ. ಹಾಗಂತ ನೀವಾಗಿ ಗುಳಿಗೆ ನಿಲ್ಲಿಸಬೇಡಿ. ಕೆಲವರಿಗೆ ಗೊರಕೆ, ಉಸಿರುಗಟ್ಟುವ ತೊಂದರೆಯೇ ಹೀಗೆ ಕಾಣಿಸುತ್ತದೆ. ಇನ್ನು ಹಲವರಲ್ಲಿ ಇದು ವರ್ಷಗಳ ನಂತರ ಬರುವ ಪಾರ್ಕಿನ್ಸನ್ ಥರದ ನರರೋಗದ ಮೊದಲ ಸುಳಿವು ಆಗಿರುತ್ತದೆ. ಹೆದರಿಸಲು ಹೇಳುತ್ತಿಲ್ಲ, ತಡ ಮಾಡದಿರಲಿ ಅಂತ ಹೇಳುತ್ತಿದ್ದೇನೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನರರೋಗ ತಜ್ಞರನ್ನು ನೋಡಿ. ಅವರು ಸ್ಲೀಪ್ ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ವಿಡಿಯೊ ಸಮೇತ ಪರೀಕ್ಷೆ ಮಾಡಿಸಬಹುದು. ಹೆಚ್ಚಿನವರಿಗೆ ಔಷಧಿಯಿಂದ ಹೊಡೆದಾಟ ಹತೋಟಿಗೆ ಬರುತ್ತದೆ.

ಅಲ್ಲಿಯವರೆಗೆ ಅವರ ಹಾಸಿಗೆ ನೆಲಕ್ಕೆ ಹಾಕಿ. ಪಕ್ಕದ ಸ್ಟೂಲು, ನೀರಿನ ತಂಬಿಗೆ, ಕಬ್ಬಿಣದ ಟ್ರಂಕು ದೂರ ಸರಿಸಿ. ನೀವು ಸದ್ಯಕ್ಕೆ ಬೇರೆ ಹಾಸಿಗೆಯಲ್ಲಿ ಮಲಗಿ. ಒದರುವಾಗ ಹತ್ತಿರ ಹೋಗಿ ಅಲುಗಾಡಿಸಬೇಡಿ, ದೂರದಿಂದಲೇ ಜೋರಾಗಿ ಕರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ತಿನ್ನುತ್ತಿರುವ ಎಲ್ಲ ಗುಳಿಗೆಗಳ ಚೀಟಿ, ಮತ್ತೆ ಮಗನಿಗೆ ಹೇಳಿ ಮೊಬೈಲಿನಲ್ಲಿ ಒಂದೆರಡು ರಾತ್ರಿಯ ವಿಡಿಯೊ ಮಾಡಿಸಿ ಒಯ್ಯಿರಿ. ಬೆಳಗಿನ ಜಾವ ಮೂರರ ನಂತರದ ವಿಡಿಯೊ ಇದ್ದರೆ ಜಾಸ್ತಿ ಉಪಯೋಗ.